ಅಳಿವೆಯಲ್ಲಿ ಸಿಕ್ಕ ರೂಪಾಯಿ

ಪಾಂಡಿಚೇರಿಯ ಆಚೆಗಿನ ಬೀಚಿನಲ್ಲಿ ರಾಮಾಂಜಿನಪ್ಪನವರ ಹೊಸ ಮಷೀನು ಮೊಟ್ಟಮೊದಲು ಕಿರುಚಿಕೊಂಡದ್ದು ಅವರ ಹೆತ್ತ ತಾಯಿಯನ್ನು ಕಂಡು.

ಮುನಿಶಾಮಮ್ಮ ಮರಳಿನ ಮೇಲೆ ಕಾಲು ಚಾಚಿ ಕೂತಿದ್ದರು. ಎಂಬತ್ತು ದಾಟಿದ ಮೇಲೆ ಮೊದಲ ಸಲ ಸಮುದ್ರ ನೋಡಿದ್ದು. ನೋಡಿ, "ಇಷ್ಟೊಂದು ನೀರು ಇಲ್ಲಿ ಸುಮ್ನೆ ಬಿದ್ದೈತೆ, ನಮ್ಮ ದೊಮ್ಮಲೂರಲ್ಲಿ ಟ್ಯಾಂಕರ್‌ನವನಿಗೆ ಫೋನ್ ಮಾಡ್ಕೊಂಡು ಸಾಯ್ತೀವಿ" ಎಂದು ತೀರ್ಪು ಕೊಟ್ಟು, ಎಲೆಗೆ ಸುಣ್ಣ ಸವರುತ್ತಿದ್ದರು. ಅವರ ಮಗ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಉದ್ದ ಕೋಲಿನ ತುದಿಗೆ ಊಟದ ತಟ್ಟೆ ಕಟ್ಟಿದಂತಿದ್ದ ಆ ಯಂತ್ರವನ್ನು ಅತ್ತಿಂದಿತ್ತ ಬೀಸುತ್ತ, ಕಸವಿಲ್ಲದ ಕಡೆ ಕಸ ಗುಡಿಸುವವರ ಹಾಗೆ ಬರುತ್ತಿದ್ದರು. ನೆಲದೊಳಗೆ ಲೋಹವಿದ್ದರೆ ಅದು ಕೂಗಬೇಕು. ಸಣ್ಣ ಕೂಗಾದರೆ ಬಾಟ್ಲಿ ಮುಚ್ಚಳ, ಉದ್ದ ಕೂಗಾದರೆ ನಿಧಿ ಎಂದು ಯೂಟ್ಯೂಬಿನ ಗುರುಗಳು ಹೇಳಿಕೊಟ್ಟಿದ್ದರು. ತಾಯಿಯ ಬಲಗಾಲಿನ ಹತ್ತಿರ ಬಂದದ್ದೇ ತಡ, ಮಷೀನು ಮದುವೆಮನೆಯ ನಾದಸ್ವರದ ಹಾಗೆ ಉಸಿರು ಕಟ್ಟಿ ಕೂಗಿತು.

ರಾಮಾಂಜಿನಪ್ಪ ಮಂಡಿಯೂರಿದರು. ಪ್ಲಾಸ್ಟಿಕ್ ಸಲಿಕೆಯಿಂದ ಮರಳು ತೋಡಿದರು. ವಡೆ ಮಾರುವವನು ಬುಟ್ಟಿ ಇಳಿಸಿ ನಿಂತ. ಹನಿಮೂನಿಗೆ ಬಂದ ಜೋಡಿಯೊಂದು ಸೆಲ್ಫಿ ಬಿಟ್ಟು ಇತ್ತ ತಿರುಗಿತು. ಯಾರೋ "ಪುದೆಯಲ್! ಪುದೆಯಲ್!" ಎಂದು ತಮಿಳಿನಲ್ಲಿ ನಿಧಿ ಸಾರಿದರು. ಅಡ್ಡವಾಗಿ ಕೂತಿದ್ದ ಮುನಿಶಾಮಮ್ಮನನ್ನು ಇಬ್ಬರು ಅಪರಿಚಿತರು ಉತ್ಸವಮೂರ್ತಿಯಂತೆ ಎತ್ತಿ ಪಕ್ಕಕ್ಕಿಟ್ಟರು. ಗುಂಡಿ ಮೊಣಕೈಯಷ್ಟು ಆಳವಾಯಿತು. ಮಷೀನನ್ನು ಗುಂಡಿಗೆ ಹಿಡಿದರೆ ಮೌನ. ತಾಯಿಯ ಕಡೆ ತಿರುಗಿಸಿದರೆ ಮತ್ತೆ ನಾದಸ್ವರ.

ಕೊಡೆಯಡಿ ಕೂತಿದ್ದ ಹೆಂಡತಿ ಯಮುನಾ ಇಡೀ ಬಂಗಾಳಕೊಲ್ಲಿಗೆ ಕೇಳುವಂತೆ ಹೇಳಿದಳು: "ರೀ, ಅದು ಅತ್ತೆ ಮಂಡಿ ಕಣ್ರೀ! ಹೋದ್ವರ್ಷ ಆಪರೇಷನ್ ಮಾಡ್ಸಿ ಸ್ಟೀಲ್ ಹಾಕ್ಸಿದ್ದು ಮರ್ತೋಯ್ತಾ?"

ಮಂಡಿಯೂರಿ ಅಗೆದದ್ದು ಮಂಡಿಗಾಗಿ ಎಂದು ತಿಳಿದ ಮೇಲೆ ಗುಂಪು ನಗುತ್ತ ಚದುರಿತು. ಮುನಿಶಾಮಮ್ಮ ಗುಂಡಿಯನ್ನು ಒಮ್ಮೆ, ಮಗನನ್ನು ಒಮ್ಮೆ ನೋಡಿದರು. "ನನ್ನ ಹೂಳಕ್ಕೆ ಇಷ್ಟು ಅರ್ಜೆಂಟಾ ಅಂಜೀ? ಹಂಗಾದ್ರೆ ಇನ್ನೊಂಚೂರು ಉದ್ದ ತೆಗಿ."

ಅಂಜಿ ಎನ್ನುವುದು ತಾಯಿ ಪ್ರೀತಿಯಿಂದ ಮೊಟಕು ಮಾಡಿದ ಹೆಸರು. ಆದರೆ ಅಷ್ಟು ಸರಿಯಾಗಿ ಹೊಂದಿಕೊಂಡ ಹೆಸರು ದೊಮ್ಮಲೂರಿನಲ್ಲಿ ಇನ್ನೊಂದಿರಲಿಲ್ಲ. ಮುಂದೆ ರಾಮನಿದ್ದಾನೆ, ಹಿಂದೆ ಅಪ್ಪನಿದ್ದಾನೆ, ನಡುವೆ ಮನುಷ್ಯ ಮಾತ್ರ ಅಂಜಿಯೇ. ಗ್ಯಾಸಿನ ತಿರುಪನ್ನು ಮುಚ್ಚಿ, ಮುಚ್ಚಿದ್ದನ್ನು ನೋಡಿ, ನೋಡಿದ್ದು ನೆನಪಿದೆಯೋ ಇಲ್ಲವೋ ಎಂದು ಗೇಟಿನಿಂದ ವಾಪಸು ಬರುತ್ತಿದ್ದರು. ಬಾಡಿಗೆದಾರರ ವಾಷಿಂಗ್ ಮಷೀನು ನಡುಗಿದರೆ ಕಟ್ಟಡ ಬಿತ್ತೆಂದೇ ಲೆಕ್ಕ. ಎಲ್ಲಕ್ಕಿಂತ ದೊಡ್ಡ ಕಾಯಿಲೆಯೆಂದರೆ ಅವರು ಯಾರ ಮಾತನ್ನೂ ಕೊನೆಯವರೆಗೆ ಕೇಳುತ್ತಿರಲಿಲ್ಲ. ಅರ್ಧ ಮಾತು ಕೇಳಿ ಪೂರ್ತಿ ಹೆದರುವ ಜಾತಕ. ಒಮ್ಮೆ ಡಾಕ್ಟರು "ನಿಮಗೆ ಶುಗರ್..." ಎಂದಾಕ್ಷಣ ಎದ್ದು ಬಂದು ವರ್ಷವಿಡೀ ಸಿಹಿ ಬಿಟ್ಟಿದ್ದರು. ಡಾಕ್ಟರು ಕೇಳಲು ಹೊರಟದ್ದು ಕಾಫಿಗೆ ಹಾಕಿಸಲೋ ಬೇಡವೋ ಎಂದು.

ತಾಯಿ ಇದಕ್ಕೆ ತದ್ವಿರುದ್ಧ. ದೊಮ್ಮಲೂರು ಹಳ್ಳಿಯಾಗಿದ್ದ ಕಾಲದಲ್ಲಿ, ಗಂಡ ತೀರಿಕೊಂಡ ಮೇಲೆ, ಚಡ್ಡಿಗುಂಡಿ ಹಾಕಿಕೊಳ್ಳಲು ಬಾರದ ಮಗನನ್ನು ಕಂಕುಳಲ್ಲಿರಿಸಿಕೊಂಡು ತಲೆ ಮೇಲೆ ಸೊಪ್ಪಿನ ಕುಕ್ಕೆ ಹೊತ್ತು ಹಲಸೂರಿಗೆ ನಡೆದವರು. ದಂಡಿನ ಬೀದಿಗಳಲ್ಲಿ "ಕೀರೈ, ಕೀರೈ" ಎಂದು ಕೂಗಿ ತಮಿಳು ಕಲಿತರು, ಚೌಕಾಸಿಯಲ್ಲಿ ದಖನಿ ಕಲಿತರು, ಬೈಗುಳಕ್ಕೆ ಮಾತ್ರ ಕನ್ನಡವನ್ನೇ ಉಳಿಸಿಕೊಂಡರು. ಹೊಲದ ಬಹುಪಾಲು ಬಡಾವಣೆಗೆ ಹೋಯಿತು. ಉಳಿದ ತುಂಡಿನ ಮೇಲೆ ಮೂರು ಮಹಡಿ ಎದ್ದಿತು. ಮೊದಲು ಬೆಳೆ ಬರುತ್ತಿತ್ತು, ಈಗ ಬಾಡಿಗೆ ಬರುತ್ತದೆ. ಯಾವುದು ಬಾರದಿದ್ದರೂ ತಲೆ ಮೇಲೆ ಕೈ ಇಟ್ಟುಕೊಳ್ಳುವುದು ಮಗನೇ ಹೊರತು ತಾಯಿಯಲ್ಲ.

ಅಗೆಯಲು ಒಂದಡಿ ಮಣ್ಣೂ ಇಲ್ಲದ ಒಕ್ಕಲು ಮನೆಯ ಮಗನಿಗೆ ಕೈ ತುರಿಸುತ್ತಿರಬೇಕು. ಇಂಗ್ಲೆಂಡಿನ ಯಾರೋ ಸಮುದ್ರದ ಮರಳಿನಿಂದ ರಾಣಿಯ ಕಾಲದ ನಾಣ್ಯ ಹೆಕ್ಕುವ ವಿಡಿಯೋಗಳನ್ನು ನೋಡಿ ನೋಡಿ, ಮಗ ಶ್ರೀನಾಥನಿಂದ ಆ ಮಷೀನು ತರಿಸಿಕೊಂಡರು. ಅದಕ್ಕೊಂದು ಸಮುದ್ರ ಬೇಕೆಂದು ಸಂಸಾರಸಮೇತ ಹೊರಟರು. ಸೊಸೆ ಹಂಸ ಏಳು ತಿಂಗಳ ಬಸುರಿ. ಮದುವೆಯಾಗಿ ಬಹಳ ವರ್ಷ ಕಾದು, ಆಸ್ಪತ್ರೆಯೊಂದನ್ನೂ ಬಿಡದೆ ದೇವಸ್ಥಾನವೊಂದನ್ನೂ ಬಿಡದೆ ಹತ್ತಿಳಿದ ಮೇಲೆ ನಿಂತ ಗರ್ಭ. ಡಾಕ್ಟರು ಪ್ರಯಾಣಕ್ಕೆ ಒಪ್ಪಿದರೂ ಮಾವ ಒಪ್ಪಿರಲಿಲ್ಲ. ದಾರಿಯುದ್ದಕ್ಕೂ ಡ್ರೈವರಿಗೆ "ಹಂಪು, ಹಂಪು" ಎನ್ನುತ್ತಲೇ ಹೋಗಿದ್ದರು. ಹಂಪಿಗೇ ಹೋಗುತ್ತಿದ್ದೇವೇನೋ ಅನ್ನಿಸಿತ್ತು ಎಂದು ಶ್ರೀನಾಥ್ ಆಮೇಲೆ ಹೇಳಿದ.

ಮಂಡಿಯ ಪ್ರಕರಣದ ನಂತರವೂ ರಾಮಾಂಜಿನಪ್ಪ ಕೈಬಿಡಲಿಲ್ಲ. ಬಾಟ್ಲಿ ಮುಚ್ಚಳ, ಪಿನ್ನು, ಅರ್ಧ ಚಮಚ, ಯಾವುದೋ ಬೈಕಿನ ಬೀಗದ ಕೈ ಇವಿಷ್ಟೂ ಸಿಕ್ಕವು. ಕೊನೆಯ ದಿನ ಬೆಳಿಗ್ಗೆ ಗುರುಗಳ ಇನ್ನೊಂದು ಮಾತು ನೆನಪಾಯಿತು: ನಾಣ್ಯ ಬೇಕಾದರೆ ಹೊಳೆ ಸಮುದ್ರಕ್ಕೆ ಸೇರುವ ಕಡೆ ಹುಡುಕಿ. ಅಂಥ ಅಳಿವೆಯೊಂದು ಬೀಚಿನ ತುದಿಯಲ್ಲೇ ಇತ್ತು. ಅಲ್ಲಿ, ಒಂದು ಬಂಡೆಯ ಬುಡದಲ್ಲಿ, ಮಷೀನು ಉದ್ದಕ್ಕೆ ಕೂಗಿತು. ಸುತ್ತ ಮುತ್ತ ಯಾರ ಮಂಡಿಯೂ ಇಲ್ಲವೆಂದು ಖಚಿತ ಮಾಡಿಕೊಂಡು ತೋಡಿದರು. ಮೇಲೆ ಬಂದದ್ದು ಬೆಳ್ಳಿಯ ರೂಪಾಯಿ. ಕಿರೀಟ ಹೊತ್ತ ದೊರೆಯ ಮೂಗು ಸವೆದಿತ್ತು, ಅಂಚು ಕಪ್ಪಾಗಿತ್ತು. ಅರವತ್ತರ ಹತ್ತಿರದ ಮನುಷ್ಯ ಮಗುವಿನ ಹಾಗೆ ಓಡಿ ಬಂದು ಅದನ್ನು ಹಂಸಳ ಅಂಗೈಯಲ್ಲಿಟ್ಟು, "ತಗೋಮ್ಮ, ತಾತ ಮೊಮ್ಮಗೂಗೆ ಕೊಡ್ತಿರೋದು" ಎಂದರು. ಹಂಸ ಅದನ್ನು ಹೊಟ್ಟೆಗೆ ಒತ್ತಿಕೊಂಡು, "ನೋಡು ಪಾಪು, ತಾತ ರಿಸರ್ವ್ ಬ್ಯಾಂಕೇ ತೆಗ್ದಿದಾರೆ" ಎಂದಳು. ಮುನಿಶಾಮಮ್ಮ ಆ ಹೊತ್ತಿಗೆ ರೂಮಿನಲ್ಲಿ ಗೊರಕೆ ಹೊಡೆಯುತ್ತಿದ್ದರು.

ತಾಯಿಗೆ ಈ ಕಥೆಯನ್ನು ಪೂರ್ತಿ ಹೇಳುವ ಪುರುಸೊತ್ತು ಸಿಕ್ಕದ್ದು ಊರಿಗೆ ಬಂದು ವಾರ ಕಳೆದ ಮೇಲೆ. ಅವರೆಕಾಯಿ ಕಾಲ. ಮುನಿಶಾಮಮ್ಮ ಬಾಗಿಲ ಮುಂದಿನ ಬಿಸಿಲಿನಲ್ಲಿ ಮೊರ ಇಟ್ಟುಕೊಂಡು ಕಾಯಿ ಬಿಡಿಸುತ್ತಿದ್ದರು. ಮಗ ಮೆಟ್ಟಿಲ ಮೇಲೆ ಕೂತು ಬಂಡೆ, ಅಲೆ, ಮಷೀನಿನ ಕೂಗು ಎಲ್ಲವನ್ನೂ ಅಭಿನಯಸಮೇತ ವರ್ಣಿಸಿದರು.

"ಎಲ್ಲಿ ಸಿಕ್ತು ಅಂದೆ?"

"ಅಳಿವೇಲಿ ಅಮ್ಮ. ಹೊಳೆ ಬಂದು ಸೇರುತ್ತಲ್ಲ, ಅಲ್ಲಿ."

"ಪಕ್ಕದಲ್ಲಿ ಇನ್ನೇನಿತ್ತು?"

"ಏನಿಲ್ಲ. ಒಂದಷ್ಟು ಮಡಕೆ ಚೂರು. ಒಂದು ಕೆಂಪು ಬಟ್ಟೆ ತುಂಡು."

ಕಾಯಿ ಬಿಡಿಸುತ್ತಿದ್ದ ಕೈ ನಿಂತಿತು. "ಹೊಸ ಮಡಕೆನಾ?"

"ಹೊಸದೇ ಇದ್ದಂಗಿತ್ತು. ಯಾಕೆ?"

"ಅಯ್ಯೋ ಮಂಕೆ. ಅದು ಹೆಣದ ಹಣೆ ಕಾಸು ಕಣೋ. ಹಣೆಗೆ ಒತ್ತಿದ್ದನ್ನ ಬೂದಿ ಜೊತೇಲಿ ಮಡಕೇಲಿಟ್ಟು, ಬಟ್ಟೆ ಕಟ್ಟಿ, ನೀರಿಗೆ ಬಿಟ್ಟವ್ರೆ. ಆ ಕಾಸನ್ನ..."

ಆ ಕಾಸನ್ನ ಏನು ಎಂಬುದನ್ನು ಮುನಿಶಾಮಮ್ಮ ಹೇಳಿಯೇ ಇರಬೇಕು, ಆದರೆ ಕೇಳಲು ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ರಾಮಾಂಜಿನಪ್ಪನಿಗೆ ಅಷ್ಟೇ ಸಾಕಾಗಿತ್ತು. ಸತ್ತವರನ್ನು ಮಲಗಿಸಿ ಹಣೆಯ ಮೇಲೆ ನಾಣ್ಯ ಇಡುವುದನ್ನು ಅವರೇ ಎಷ್ಟು ಮನೆಗಳಲ್ಲಿ ನೋಡಿಲ್ಲ! ಹಣೆಬರಹ ಮುಗಿದಲ್ಲಿ ಹಾಕುವ ಪೂರ್ಣವಿರಾಮ ಅದು. ಹೋಗಿ ಹೋಗಿ ಅದನ್ನು ಬಸುರಿಯ ಅಂಗೈಗಿಟ್ಟು, ಅವಳು ಅದನ್ನು ಹೊಟ್ಟೆಗೊತ್ತಿಕೊಂಡು, ಮೇಲೆ 'ಮೊಮ್ಮಗೂಗೆ' ಎಂದು ವಿಳಾಸ ಬೇರೆ ಬರೆದುಕೊಟ್ಟಂತಾಯಿತಲ್ಲ. ಅಳಿವೆಯಲ್ಲಿ ನಾಣ್ಯ ಯಾಕೆ ಹೆಚ್ಚು ಸಿಗುತ್ತವೆಂದು ಇಂಗ್ಲೆಂಡಿನವನಿಗೆ ಏನು ಗೊತ್ತು? ಇಲ್ಲಿಯವರು ಅಲ್ಲಿಗೆ ಒಯ್ಯುವುದೇ ಅಳಿದವರನ್ನು.

ಹಂಸ ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಆಫೀಸಿನ ಕಾಲ್‌ನಲ್ಲಿದ್ದಳು. ಮಾವ ಬಾಗಿಲಲ್ಲಿ ನಿಂತು ಮುಖಕ್ಕೆ ಒಂದು ನಗು ಅಂಟಿಸಿಕೊಂಡರು.

"ಆ ರೂಪಾಯಿ ಎಲ್ಲಮ್ಮ? ಸುಮ್ನೆ. ಇನ್ನೊಂದ್ಸಲ ನೋಡೋಣ ಅಂತ."

ಹಂಸ ಮೈಕು ಮುಚ್ಚಿದಳು. "ಅಯ್ಯೋ ಮಾವ, ಸರ್ಪ್ರೈಸ್ ಇತ್ತು, ಹಾಳ್ಮಾಡಿದ್ರಿ. ಡಾಲರ್ ಮಾಡಿಸ್ತಿದೀನಿ. ಸೀಮಂತಕ್ಕೆ ಚೈನಿಗೆ ಹಾಕ್ಕೋತೀನಿ. ಬುಷ್ರಾ ತಗೊಂಡೋಗಿದಾಳೆ, ಅವರಮ್ಮನ ಮನೆ ಹತ್ರ ಒಬ್ರು ಬೆಳ್ಳಿ ಕೆಲಸದವರಿದಾರಂತೆ."

ಡಾಲರಿನ ಎದುರು ರೂಪಾಯಿ ಬಿತ್ತು ಎಂದು ಪೇಪರಿನಲ್ಲಿ ಓದುವಾಗಲೆಲ್ಲ ರಾಮಾಂಜಿನಪ್ಪ ದೇಶಕ್ಕಾಗಿ ಹೆದರುತ್ತಿದ್ದರು. ಈಗ ಅವರ ಸ್ವಂತ ರೂಪಾಯಿಯೇ ಡಾಲರಾಗಲು ಹೊರಟಿತ್ತು, ಅದೂ ಏಳು ತಿಂಗಳ ಬಸುರಿಯ ಎದೆಯ ಮೇಲೆ.

"ಯಾಕೆ ಮಾವ, ಬೇಡ್ವಾ?"

"ಛೆ ಛೆ. ಒಳ್ಳೇದೇ. ನೀನು ನೀರು ಕುಡೀತಾ ಇರು" ಎಂದು ಕೆಳಗಿಳಿದರು. ಹೇಳುವುದಾದರೂ ಹೇಗೆ? ಹಂಸಳಿಗೆ ಹೇಳಿದರೆ ಅವಳು ಹೆದರಿ ಏನಾದರೂ ಆದೀತು. ಯಮುನಾಳಿಗೆ ಹೇಳಿದರೆ ಅವಳು ಹೆದರುವುದಿಲ್ಲ, ಆಗುವುದೆಲ್ಲ ತಮಗೇ ಆಗುತ್ತದೆ. ಹಣ ಎಂದರೆ ಹೆಣವೂ ಬಾಯಿ ಬಿಡುತ್ತದೆ ಅನ್ನುತ್ತಾರೆ. ಇಲ್ಲಿ ಹೆಣ, ಹಣ ಎರಡೂ ಸೇರಿ ಬದುಕಿದ್ದವರ ಬಾಯನ್ನು ಹೊಲಿದುಬಿಟ್ಟಿದ್ದವು. ಯಾರಿಗೂ ತಿಳಿಯದ ಹಾಗೆ ಡಾಲರನ್ನು ತಡೆದು, ರೂಪಾಯಿಯನ್ನು ಕಿತ್ತುಕೊಂಡು, ಇವತ್ತೇ ಬಸ್ಸು ಹತ್ತಿ ಅದೇ ಬಂಡೆಯ ಬುಡಕ್ಕೆ ಒಯ್ದು ಹೂತು ಬರುವುದೊಂದೇ ದಾರಿ.

ಬುಷ್ರಾ ಎರಡನೆಯ ಮಹಡಿಯ ಬಾಡಿಗೆದಾರಳು, ಹಂಸಳ ಗೆಳತಿ. ಅವಳಿಗೆ ಫೋನು ಮಾಡಿದರು.

"ಬುಷ್ರಾ, ಆ ಕಾಯಿನ್ನು ಕೆಲಸ ಶುರು ಮಾಡ್ಬೇಡಿ ಅಂತ ಹೇಳಮ್ಮ ಅವರಿಗೆ. ನಾನೇ ಬರ್ತಿದೀನಿ."

"ಯಾಕೆ ಅಂಕಲ್? ಏನ್ ಪ್ರಾಬ್ಲಂ?"

ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೇಳುವ ಸುಳ್ಳು ಯಾವಾಗಲೂ ಅಳತೆಗಿಂತ ದೊಡ್ಡದಾಗಿರುತ್ತದೆ. "ಅದು... ಗವರ್ನಮೆಂಟಿಗೆ ಸೇರಿದ್ದಂತೆ. ಹಳೇ ಕಾಯಿನ್ನು ನೋಡು. ವಾಪಸ್ ಕೊಡ್ಬೇಕಂತೆ."

"ಪೊಲೀಸ್ ಕೇಸಾ ಅಂಕಲ್?"

"ಇನ್ನೂ ಇಲ್ಲ" ಎಂದು ಸಮಾಧಾನ ಹೇಳಿ ಫೋನಿಟ್ಟರು.

ಸ್ಕೂಟರು ದೊಮ್ಮಲೂರಿನಿಂದ ಹೊರಟಿತು. ಹಲಸೂರು ಮುಟ್ಟುವಷ್ಟರಲ್ಲಿ ಸೋಮೇಶ್ವರನಿಗೆ ಒಂದು ಅಭಿಷೇಕ ಹೇಳಿಕೊಂಡಾಗಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಗುರುದ್ವಾರದ ಕಡೆಗೂ ಒಮ್ಮೆ ಕೈಮುಗಿದರು. ಯಾವ ದೇವರು ಯಾವ ಇಲಾಖೆ ನೋಡಿಕೊಳ್ಳುತ್ತಾನೋ, ಅರ್ಜಿ ಎಲ್ಲ ಕಡೆ ಬಿದ್ದಿರಲಿ. ಕೆರೆಯ ಏರಿಯ ಬಳಿ ಬಂದಾಗ, ಸಮುದ್ರವೇ ಯಾಕಾಗಬೇಕು, ನೀರಿಗೆ ಬಿಟ್ಟರಾಯಿತು ಎಂದು ಮನಸ್ಸು ಕ್ಷಣಕಾಲ ರಿಯಾಯಿತಿ ಕೇಳಿತು. ತಕ್ಷಣ ನಾಲಿಗೆ ಕಚ್ಚಿಕೊಂಡರು. ಯಾರದೋ ತಾತ ಪಾಂಡಿಚೇರಿಯಲ್ಲಿ ಇಳಿಯಬೇಕಾದವನು ಹಲಸೂರಿನಲ್ಲಿ ಇಳಿದರೆ ಒಪ್ಪುತ್ತಾನೆಯೇ? ಶಿವಾಜಿನಗರದ ಚರ್ಚಿನ ಎದುರು ಮೇಣದಬತ್ತಿಗಳ ರಾಶಿ ಕಂಡಾಗ ಆರೋಗ್ಯಮಾತೆಗೂ ಒಂದು ಡಜನ್ ಒಪ್ಪಿಕೊಂಡರು. ಆದರೆ ಈ ಹರಕೆಗಳ ನಡುವೆಯೂ ಕಿವಿಯಲ್ಲಿ ಒಂದೇ ಮಾತು ಗುಂಯ್‌ಗುಡುತ್ತಿತ್ತು. ಆ ಕಾಸನ್ನ... ಆ ಕಾಸನ್ನ... ಮುಟ್ಟಿದವರಿಗೆ ಏನಾಗುತ್ತದೆ? ಹುಟ್ಟದವರಿಗೆ ಏನಾಗುತ್ತದೆ? ಕೇಳಲು ಧೈರ್ಯವಿದ್ದಿದ್ದರೆ ಮೆಟ್ಟಿಲ ಮೇಲೇ ಕೇಳಿರುತ್ತಿದ್ದರು.

ಜ್ಯುವೆಲರ್ಸ್ ಸ್ಟ್ರೀಟಿನ ಹಿಂದಿನ ಸಂದಿಯ ಬಾಯಲ್ಲಿ ಬುಷ್ರಾ ನಿಂತಿದ್ದಳು. ಜೊತೆಗೆ ಅವಳ ತಾಯಿ ಉಮ್ಮೆ ಕುಲ್ಸುಂ, ಬುರ್ಖಾದ ಮೇಲೆ ಶಾಲು ಹೊದ್ದು, ಜಾಮೀನಿಗೆ ಬಂದವರ ಗಾಂಭೀರ್ಯದಲ್ಲಿ.

"ಕ್ಯಾ ಹುವಾ ಭಾಯ್‌ಸಾಬ್? ಪೊಲೀಸ್ ಆಯೆ ಕ್ಯಾ?" ಎಂದು ಕೇಳಿದ ಆಕೆ, ಉತ್ತರ ಬರುವ ಮುಂಚೆ ಕನ್ನಡಕ್ಕೆ ದಾಟಿದರು. "ನಮ್ದು ಹುಡ್ಗಿದು ಹೆಸ್ರು ಬರ್ಬಾರ್ದು ನೋಡಿ. ಅವ್ಳಿಗೆ ಪಾಸ್‌ಪೋರ್ಟ್ ವೆರಿಫಿಕೇಶನ್ ಐತೆ."

"ಪೊಲೀಸ್ ಇಲ್ಲಮ್ಮ, ಏನೂ ಇಲ್ಲ" ಎನ್ನುತ್ತ ರಾಮಾಂಜಿನಪ್ಪ ಸಂದಿಯೊಳಗೆ ನುಗ್ಗಿದರು.

ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಭೀಮಾಶಂಕರ ಊದುಗೊಳವೆ ಬಾಯಿಗಿಟ್ಟು ಬೆಂಕಿಗೆ ಊದುತ್ತಿದ್ದ. ಕಲಬುರಗಿ ಕಡೆಯ ಮನುಷ್ಯ. ಬಂದವರ ಮುಖ ನೋಡಿ ಕುಡಿಯಲು ನೀರು ಮುಂದಿಟ್ಟ.

"ರೂಪಾಯಿ? ಆಗ್ಲೇ ಒಯ್ದ್ರಲ್ರೀ ಯಜಮಾನ್ರ."

"ಒಯ್ದ್ರಾ? ಯಾರು?"

"ನಿಮ್ಮ ಮನಿಯವ್ರೇ ಬಂದಿದ್ರು. ಯಮುನಾ ಅಂತಂದ್ರು. ಕೊಂಡಿ ಬೆಸಗಿ ಹಚ್ಚಿ, ತಿಕ್ಕಿ, ಕನ್ನಡಿ ಮಾಡಿ ಕೊಟ್ಟೀನಿ. ಬೆಂಕಿಗೆ ಹಿಡದಾಗ ಮಾತ್ರ ಏನೋ ಒಂದು ನಮೂನಿ ವಾಸನಿ ಬಂತ್ ನೋಡ್ರಿ."

ರಾಮಾಂಜಿನಪ್ಪ ಕುಡಿಯದೆ ಲೋಟ ಕೆಳಗಿಟ್ಟರು. "ಎಂಥಾ ವಾಸನೆ?"

"ಉಪ್ಪುನೀರಿಂದು ಇರಬೇಕ್ರೀ. ಮೀನಿನ ಗತೆ."

ಬುಷ್ರಾ ಹಿಂದಿನಿಂದ ಮೆಲ್ಲಗೆ ಹೇಳಿದಳು. "ನಾನೇ ಆಂಟಿಗೆ ಫೋನ್ ಮಾಡ್ದೆ ಅಂಕಲ್. ನೀವು ಗವರ್ನಮೆಂಟ್ ಅಂದ್ರಲ್ಲ, ಟೆನ್ಷನ್ ಆಗೋಯ್ತು. ಆಂಟಿ ಸೀಮಂತದ ಸೀರೆಗೆ ಅಂತ ಇಲ್ಲೇ ಕಮರ್ಷಿಯಲ್ ಸ್ಟ್ರೀಟಲ್ಲಿದ್ರು. 'ಅವರ ಗವರ್ನಮೆಂಟು ನಾನೇ, ನಾನೇ ತಗೊಂಡೋಗ್ತೀನಿ' ಅಂದ್ರು."

ಅಲ್ಲಿಗೆ, ಡಾಲರನ್ನು ತಡೆಯಲು ಹೇಳಿದ ಸುಳ್ಳೇ ಅದನ್ನು ಬೇಗ ಮನೆ ಮುಟ್ಟಿಸಿತ್ತು. ಸ್ಕೂಟರಿನಲ್ಲಿ ಇವರು ಟ್ರಾಫಿಕ್ಕಿನೊಳಗೆ ದೇವರುಗಳನ್ನು ಎಣಿಸುತ್ತ ಬರುವಾಗ ಯಮುನಾ ಮೆಟ್ರೋದಲ್ಲಿ ತಲೆಯ ಮೇಲೆಯೇ ಹಾದು ಹೋಗಿರಬೇಕು. ಫೋನು ಮಾಡಿದರು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದರು. ಮೂರನೆಯ ಸಲ ಮಾಡುವಷ್ಟರಲ್ಲಿ ಅದೇ ಫೋನು ಕೈಯಲ್ಲಿ ಅದುರಿತು. ಶ್ರೀನಾಥ್.

"ಅಪ್ಪಾ, ಎಲ್ಲಿದೀಯಾ? ಹಂಸಂಗೆ ಹೊಟ್ಟೆನೋವು. ಇಂದಿರಾನಗರದ ನರ್ಸಿಂಗ್ ಹೋಮಿಗೆ ಕರ್ಕೊಂಡ್ ಹೋಗ್ತಿದೀವಿ."

"ಯಾವಾಗಿಂದ?"

"ಈಗಷ್ಟೇ. ಚೆನ್ನಾಗೇ ಇದ್ಲು. ಅಮ್ಮ ಬಂದು ಡಾಲರ್ ಹಾಕಿದ್ರು, ಫೋಟೋ ತೆಗೀತಿದ್ವಿ, ಹಂಗೇ ಹೊಟ್ಟೆ ಹಿಡ್ಕೊಂಡು ಕೂತ್ಬಿಟ್ಲು. ನೀನು ಗಾಬರಿ ಆಗ್ಬೇಡ..."

ಆ ಮಾತನ್ನೂ ಅವರು ಪೂರ್ತಿ ಕೇಳಲಿಲ್ಲ.

ಶಿವಾಜಿನಗರದಿಂದ ಇಂದಿರಾನಗರಕ್ಕೆ ಸ್ಕೂಟರು ಓಡಿಸಿದ್ದು ತಾವೇ ಎಂಬುದಕ್ಕೆ ಅವರ ಬಳಿ ಆಮೇಲೆ ಯಾವ ನೆನಪೂ ಉಳಿದಿರಲಿಲ್ಲ. ಹಿಂದಿನಿಂದ ಹಾರ್ನು ಹೊಡೆದ ಆಟೋದವನು "ಏನ್ ಗುರು, ಸಿಗ್ನಲ್ ಗ್ರೀನ್ ಆಗಿ ಕಾಯಿ ಹಣ್ಣಾಯ್ತು, ಹೊರಡಲ್ವಾ?" ಎಂದಾಗ ಮಾತ್ರ ತಾವು ಅಳುತ್ತಿರುವುದು ಗೊತ್ತಾಯಿತು. ಅಷ್ಟು ವರ್ಷ ಕಾದದ್ದು. ಪ್ರತಿ ಸಲ ಹಂಸ ಆಸ್ಪತ್ರೆಯಿಂದ ಬಂದು ಏನೂ ಹೇಳದೆ ಕೋಣೆ ಸೇರಿದ ಆ ಸಂಜೆಗಳು. ಶ್ರೀನಾಥ್ ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದದ್ದು. ಈಗ ಬಾಗಿಲವರೆಗೆ ಬಂದ ಮಗುವಿಗೆ ತಾತ ಎನಿಸಿಕೊಂಡವನು ಮಸಣದಿಂದ ಉಡುಗೊರೆ ತಂದಿದ್ದ. ಮಷೀನನ್ನು ಒಡೆದು ಗುಜರಿಗೆ ಹಾಕುತ್ತೇನೆ ಎಂದು ಹೇಳಿಕೊಂಡರು. ಇನ್ನು ಮುಂದೆ ನೆಲ ನೋಡಿಯೂ ನಡೆಯುವುದಿಲ್ಲ ಎಂದು ಹೇಳಿಕೊಂಡರು. ಯಾವ ದೇವರಿಗೆ ಎಂದು ಮಾತ್ರ ಹೇಳಲಿಲ್ಲ.

ನರ್ಸಿಂಗ್ ಹೋಮಿನ ಕಾರಿಡಾರಿನಲ್ಲಿ ಶ್ರೀನಾಥ್ ಮುಚ್ಚಿದ ಬಾಗಿಲಿಗೆ ಒರಗಿ ನಿಂತಿದ್ದ. ಯಮುನಾ ಸೀರೆಯ ಕವರನ್ನು ಎದೆಗವಚಿಕೊಂಡು ಕೂತಿದ್ದಳು. ಅವಳ ಪಕ್ಕದಲ್ಲಿ ಮುನಿಶಾಮಮ್ಮ. ಒಬ್ಬರೇ ಮನೆಯಲ್ಲಿರಲು ಒಪ್ಪದೆ ಬಂದವರು, ಕೆಲಸ ಅರ್ಧಕ್ಕೆ ಬಿಡಬಾರದೆಂದು ಅವರೆಕಾಯಿಯನ್ನೂ ಚೀಲದಲ್ಲಿ ತಂದಿದ್ದರು. ಸೆರಗನ್ನು ಮೊರ ಮಾಡಿಕೊಂಡು ಕಾಯಿ ಬಿಡಿಸುತ್ತಿದ್ದರು. ಸಿಪ್ಪೆ ಆಸ್ಪತ್ರೆಯ ಕಸದಬುಟ್ಟಿಗೆ ಬೀಳುತ್ತಿತ್ತು.

"ನೀವ್ಯಾಕ್ರೀ ಹಿಂಗ್ ಬೆವರ್ತಿದೀರಾ?" ಯಮುನಾ ತಲೆಯೆತ್ತಿದಳು. "ಗವರ್ನಮೆಂಟು ಗಿವರ್ನಮೆಂಟು ಅಂತ ಆ ಹುಡುಗೀನ ಯಾಕೆ ಹೆದರಿಸಿದ್ರಿ?"

ಹೇಳಿಬಿಡಬೇಕೆಂದು ಅವರು ಬಾಯಿ ತೆರೆದರು. ಅಷ್ಟರಲ್ಲಿ ಬಾಗಿಲು ತೆರೆದು ನರ್ಸೊಬ್ಬಳು ಇಣುಕಿದಳು.

"ಹಂಸ ಅವರ ಕಡೆಯವ್ರು? ಚೈನ್ ತೆಗ್ಸಿದೀವಿ, ಯಾರು ಇಟ್ಕೋತೀರಾ?"

ಎದುರಿಗೆ ನಿಂತವರ ಅಂಗೈಯಲ್ಲಿ ಅದನ್ನು ಬಿಟ್ಟು ಬಾಗಿಲು ಮುಚ್ಚಿಕೊಂಡಳು. ಬೆಳಗಿನಿಂದ ಬೆನ್ನಟ್ಟಿದ ರೂಪಾಯಿ ಕೊನೆಗೂ ರಾಮಾಂಜಿನಪ್ಪನ ಕೈಗೇ ಬಂತು. ಭೀಮಾಶಂಕರ ತಿಕ್ಕಿದ್ದ ತಿಕ್ಕಿಗೆ ದೊರೆಯ ಮೂಗು ಪೂರ್ತಿ ಹೋಗಿತ್ತು. ಹಂಸಳ ಕತ್ತಿನ ಬಿಸಿ ಅದರಲ್ಲಿ ಇನ್ನೂ ಇತ್ತು. ಅವರು ಮುಷ್ಟಿ ಬಿಗಿದರು. ಹಿಡಿದಿಟ್ಟುಕೊಂಡರೆ ಅದು ತಿರುಗಿ ಒಳಗೆ ಹೋಗಲಾರದು ಎಂಬಂತೆ.

ಬಾಗಿಲ ಆ ಕಡೆಯಿಂದ ಯಾವುದೋ ಯಂತ್ರದ ಸದ್ದು ಶುರುವಾಯಿತು. ಮೊದಲು ಬರೀ ಗೊರಗೊರ. ಆಮೇಲೆ ಏನೂ ಇಲ್ಲ. ಮತ್ತೆ ಗೊರಗೊರ. ರಾಮಾಂಜಿನಪ್ಪ ಬಾಗಿಲಿಗೆ ಕಿವಿಯಿಟ್ಟರು. ಸಣ್ಣ ಕೂಗಾದರೂ ಸಾಕು ಎಂದು ಯಾವ ಮರಳ ಮೇಲೂ ಅವರು ಇಷ್ಟು ಬೇಡಿಕೊಂಡಿರಲಿಲ್ಲ. ಆಗ ಬಂತು: ಟಕಟಕ, ಟಕಟಕ, ಟಕಟಕ. ಅವಸರದಲ್ಲಿ ಎಲ್ಲಿಗೋ ಹೊರಟ ಪುಟ್ಟ ಕುದುರೆಯಂಥ ಸದ್ದು. ಶ್ರೀನಾಥ್ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟ.

ಡಾಕ್ಟರಮ್ಮ ಹೊರಗೆ ಬಂದಾಗ ಅವರ ಮುಖದಲ್ಲಿ ಸಣ್ಣ ನಗುವಿತ್ತು. "ಮಗು ಆರಾಮಾಗಿದೆ. ಗ್ಯಾಸ್ ಅಷ್ಟೆ. ಏನು ತಿಂದಿದ್ರು ಬೆಳಿಗ್ಗೆ?"

"ಹಿತಕಿದಬೇಳೆ ಸಾರು, ಅಕ್ಕಿರೊಟ್ಟಿ" ಎಂದಳು ಯಮುನಾ. "ನೆನ್ನೆ ರಾತ್ರಿ ಅವರೆಕಾಳು ಉಪ್ಪಿಟ್ಟು. ಮಧ್ಯಾಹ್ನ ಅವರೆಕಾಳು ಹುಳಿ. ಬಸ್ರಿ ಕೇಳಿದ್ದು ಕೊಡ್ಬೇಕು ಅಂತ..."

ಡಾಕ್ಟರಮ್ಮ ಮುನಿಶಾಮಮ್ಮನ ಸೆರಗಿನ ಕಡೆ ನೋಡಿದರು. "ಸೀಸನ್ ಮುಗಿಯೋವರೆಗೂ ಆ ಅಜ್ಜಿನ ಸ್ವಲ್ಪ ದೂರ ಇಡಿ. ಅರ್ಧ ಗಂಟೆ ಬಿಟ್ಟು ಕರ್ಕೊಂಡೋಗಿ."

ಶ್ರೀನಾಥ್ ಒಳಗೆ ಓಡಿದ. ಯಮುನಾ ಸೀರೆ ತೋರಿಸಲು ಅವನ ಹಿಂದೆ ಹೋದಳು. ಬಾಗಿಲು ಮುಚ್ಚುವ ಮುಂಚೆ ಹಂಸಳ ದನಿ ಕೇಳಿಸಿತು: "ಮಾವ ಎಲ್ಲಿ? ನನ್ನ ಡಾಲರ್ ಯಾರ ಹತ್ರ ಇದೆ?"

ರಾಮಾಂಜಿನಪ್ಪ ಒಳಗೆ ಹೋಗಲಿಲ್ಲ. ತಾಯಿಯ ಪಕ್ಕದ ಕುರ್ಚಿಯಲ್ಲಿ ಕುಸಿದರು. ಇವತ್ತು ಗ್ಯಾಸು. ನಾಳೆ? ಒಳಗಿನಿಂದ ಆ ಹುಡುಗಿ ಡಾಲರ್ ಕೇಳುತ್ತಿದ್ದಾಳೆ. ಕೊಡಬೇಕೋ, ಸಮುದ್ರಕ್ಕೆ ಓಡಬೇಕೋ? ಮುಷ್ಟಿ ತೆರೆದು ರೂಪಾಯಿಯನ್ನು ತಾಯಿಯ ಮುಂದೆ ಹಿಡಿದರು. ಬದುಕಿನಲ್ಲಿ ಮೊದಲ ಬಾರಿಗೆ, ಒಂದು ಮಾತನ್ನು ಕೊನೆಯವರೆಗೆ ಕೇಳಲು ಸಿದ್ಧರಾಗಿ, ಎದ್ದು ಓಡದ ಹಾಗೆ ಇನ್ನೊಂದು ಕೈಯಲ್ಲಿ ಕುರ್ಚಿಯನ್ನು ಹಿಡಿದುಕೊಂಡರು.

"ಅಮ್ಮ. ನಿಜ ಹೇಳು. ಹಣೆ ಕಾಸು ಮುಟ್ಟಿದ ಮಗೂಗೆ ಏನಾಗುತ್ತೆ?"

ಮುನಿಶಾಮಮ್ಮ ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ, ಕಾಳನ್ನು ಸೆರಗಿಗೆ ಹಾಕಿ, ಸಿಪ್ಪೆಯನ್ನು ಬುಟ್ಟಿಗೆಸೆದರು.

"ಏನಾಯ್ತದೆ? ನಿಮ್ಮಪ್ಪ ಹೋದ್ ದಿನ ಮನೇಲಿ ಒಲೆ ಹಚ್ಚಂಗಿರ್ಲಿಲ್ಲ, ನೀನು ಹಸಿವು ಹಸಿವು ಅಂತ ಒಂದೇ ಸಮ ಅರಚ್ತಿದ್ದೆ. ಅವರ ಹಣೆ ಮೇಲಿದ್ದ ನಾಕಾಣೆ ತಕ್ಕೊಂಡೋಗಿ ಹಲಸೂರು ಬೇಕರೀಲಿ ನಿಂಗೆ ಬನ್ನು ಕೊಡ್ಸಿದ್ದೆ. ಬೆಣ್ಣೆ ಬಿಸ್ಕತ್ತೂ ಬೇಕು ಅಂತ ಬೀದೀಲಿ ಬಿದ್ದು ಹೊರಳಾಡ್ದೆ. ಕಾಸು ಸಾಲ್ಲಿಲ್ಲ."